ಎಕ್ಸ್‌ರೇ ಕ್ಲೀನ್, ಗೌರಿ ಮಾತ್ರ ಇನ್ನೂ ಕುಂಟ್ತಾಳೆ

ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟರ್ ಅಕ್ಕಾರ, ಶರಣ್ರಿ. ನಾವು ವಿಜಯಪುರದ ಕಡೇದವ್ರು, ಪುಣೆಕ್ಕ ಬಂದು 22 ವರ್ಷಾತು, ವಾಘೋಲಿ ಹತ್ರ ಸಣ್ಣದೊಂದು ಲೇಥ್ ವರ್ಕ್‌ಶಾಪ್ ಐತಿ, ಹಿಂದಗಡೆ ಖುಲ್ಲಾ ಜಾಗಾ ಐತಿ. ಎರಡು ವರ್ಷದ ಹಿಂದ ರೇಸ್ ಬಿಟ್ಟಿದ್ದ ಒಂದು ಹೆಣ್ಣು ಕುದುರಿ ತಗೊಂಡ್ವಿ, ಥರೋಬ್ರೆಡ್ ಅಂತ ರೇಸಿನ ತಳಿ, ಈಗ 9 ವರ್ಷ, ಗೌರಿ ಅಂತ ಹೆಸರಿಟ್ಟೇವಿ. ನನ್ನ ಮಗಳ ಜೀವಾನ ಅದರ ಮ್ಯಾಲ. ದೀಪಾವಳಿ ಆದ ಮ್ಯಾಲ ಬಲಗಡೆ ಮುಂಗಾಲು ಕುಂಟಾಕ ಹತ್ತಿತು, ಏಳು ತಿಂಗಳಾತು ಇನ್ನೂ ನಿಂತಿಲ್ಲ. ನಾಲ್ಕು ದಿನ ಛಲೋ ಇರತೈತಿ, ಐದನೇ ದಿನ ಮತ್ತ ಕುಂಟತೈತಿ. ಒಬ್ರು ಡಾಕ್ಟರ್ ಭುಜ ಅಂದ್ರು, ಇನ್ನೊಬ್ರು ಮೊಣಕಾಲು ಅಂದ್ರು, ಎರಡು ಸಲ ಎಕ್ಸ್‌ರೇ ತಗಿಸೇವಿ, ಒಮ್ಮಿ ಮೊಣಕಾಲಿಂದು ಒಮ್ಮಿ ಫೆಟ್ಲಾಕಿಂದು (ಗೊರಸಿನ ಮ್ಯಾಲಿನ ಕೀಲು), ಎರಡೂ ಕ್ಲೀನ್. ಇಂಜೆಕ್ಷನ್ ಹಾಕಿಸಿದ್ರ ಒಂದು ವಾರ ಚಂದ ಇರತೈತಿ. ಲಾಳ ಎರಡೂವರಿ ತಿಂಗಳಿಗೊಮ್ಮಿ ಹೊಡಸ್ತೇವಿ. ಲಾಳ ಹೊಡಿಯೋ ನಾಲ್‌ಬಂದ್ ಹೇಳ್ತಾನ, ಕಾದ ಕಬ್ಬಿಣದ ಬರಿ ಹಾಕಿಸ್ರಿ ಹೋಗತೈತಿ ಅಂತ. ಮನ್ಯಾಗ ಮಾರಿ ಬಿಡ್ರಿ ಅಂತಾರ, ಮದುವಿ ಮೆರವಣಿಗಿಯವ್ರು ಕೇಳಾಕತ್ತಾರ. ಎಲ್ಲಾರೂ ನಾರ್ಮಲ್ ಅಂತಾರ, ನನಗೊಬ್ಬಂಗ ಕುಂಟಿದ್ದು ಕಾಣತೈತಿ. ನನಗ ಭ್ರಮಿ ಆಗೇತೇನ್ರಿ? ಮುಂದ ಏನ್ ಮಾಡ್ಲಿ?
(ವಾಘೋಲಿ, ಪುಣೆ)

ಉತ್ತರ: ಅಣ್ಣಾವ್ರೇ, ನಿಮ್ಮ ಪತ್ರದ ಕೊನೇ ಮಾತಿಗೇ ಮೊದ್ಲು ಉತ್ತರ ಕೊಡ್ತೀನಿ. ಭ್ರಮೆ ಅಲ್ಲ. ದಿನಾ ಎರಡು ಹೊತ್ತು ಗೌರಿಗೆ ಮೇವು ಹಾಕೋರು, ಅವಳು ನೀರಿನ ತೊಟ್ಟಿ ಕಡೆ ಹೆಂಗೆ ನಡ್ಕೊಂಡು ಹೋಗ್ತಾಳೆ ಅಂತ ಬೆಳಗಿನ ಕಣ್ಣಲ್ಲಿ ನೋಡೋರು ನೀವು. ಆ ನಡಿಗೇಲಿ ಏನೋ ತಪ್ತಾ ಇದೆ ಅಂತ ನಿಮಗೆ ಕಂಡಿದ್ರೆ ತಪ್ತಾ ಇದೆ, ಅಷ್ಟೇ. ಕುದುರೆ ನೋವನ್ನ ಬಚ್ಚಿಡೋ ಪ್ರಾಣಿ. ಕಾಡಲ್ಲಿ ಕುಂಟಿದ್ದನ್ನ ತೋರಿಸಿಕೊಂಡ್ರೆ ಹಿಂದೆ ಬಿದ್ದ ಪ್ರಾಣಿಯ ಬಾಯಿಗೆ ತುತ್ತಾಗಬೇಕಿತ್ತು, ಆ ಅಭ್ಯಾಸ ಲಾಯಕ್ಕೆ ಬಂದ್ರೂ ಹೋಗಿಲ್ಲ. ಡಾಕ್ಟರ್ ಗಾಡಿ ಗೇಟಿಗೆ ಬಂದ ತಕ್ಷಣ ಕಿವಿ ನಿಮಿರುತ್ತೆ, ಕತ್ತು ಎತ್ತುತ್ತೆ, ಮೈಯೆಲ್ಲಾ ಬಿಗಿ ಆಗುತ್ತೆ, ಆ ಹತ್ತು ನಿಮಿಷ ನೋವು ಎಲ್ಲೋ ಅಡಗಿಬಿಡುತ್ತೆ. ನಾವು ನೋಡಿ ನಾರ್ಮಲ್ ಅಂತ ಬರೆದು ಹೋಗ್ತೀವಿ, ಸಂಜೆ ಅದು ಮತ್ತೆ ಕುಂಟ್ಕೊಂಡು ನಿಂತಿರುತ್ತೆ.

ಇನ್ನು ಎಕ್ಸ್‌ರೇ ವಿಷಯ. ಕ್ಲೀನ್ ಅಂದ್ರೆ ಏನೂ ಇಲ್ಲ ಅಂತ ಅರ್ಥ ಅಲ್ಲ, ತೆಗೆದ ಜಾಗದಲ್ಲಿ, ತೆಗೆದ ಕೋನದಲ್ಲಿ, ಮೂಳೆ ಚೆನ್ನಾಗಿ ಕಾಣ್ತಿದೆ ಅಂತ ಮಾತ್ರ. ಮೂಳೆಯ ಒಳಗಿನ ಸುಣ್ಣ 30ರಿಂದ 50 ಪರ್ಸೆಂಟ್ ಕಮ್ಮಿ ಆಗೋ ತನಕ ಅದು ಫಿಲ್ಮಲ್ಲಿ ಗೊತ್ತಾಗೋದೇ ಕಷ್ಟ. ಕೂದಲೆಳೆ ಬಿರುಕು ಮೊದಲ ದಿನ ಕಾಣದೆ ಹತ್ತು ಹದಿನಾಲ್ಕು ದಿನ ಬಿಟ್ಟು ತೆಗೆದಾಗ ಕಾಣಿಸೋದುಂಟು. ಗೊರಸಿನ ಒಳಗಡೆ ಇಳಿಯೋ ಸ್ನಾಯುರಜ್ಜು (ಮಾಂಸಖಂಡವನ್ನ ಮೂಳೆಗೆ ಕಟ್ಟೋ ಹುರಿ), ಅಲ್ಲಿನ ಲಿಗಮೆಂಟುಗಳು (ಮೂಳೆಗೆ ಮೂಳೆ ಕಟ್ಟೋ ಎಳೆಗಳು), ಇವು ಎಕ್ಸ್‌ರೇಲಿ ಬರೋದೇ ಇಲ್ಲ. ಅಲ್ಟ್ರಾಸೌಂಡ್ ಮಾಡೋಣ ಅಂದ್ರೆ ಗೊರಸಿನ ಗೋಡೆ ಅಡ್ಡ ಬರುತ್ತೆ. ಇದಕ್ಕಿಂತ ದೊಡ್ಡ ವಿಷಯ ಅಂದ್ರೆ, ನಿಮ್ಮ ಪತ್ರ ಮೂರು ಸಲ ಓದಿದೆ, ಮೊಣಕಾಲು ತೆಗೆದಿದಾರೆ ಫೆಟ್ಲಾಕ್ ತೆಗೆದಿದಾರೆ, ಗೊರಸನ್ನ ಯಾರೂ ನೋಡೇ ಇಲ್ಲ. ಕುದುರೆ ಮೈಭಾರದ ಸುಮಾರು 60 ಪರ್ಸೆಂಟ್ ಮುಂಗಾಲ ಮೇಲೆ ಇರುತ್ತೆ, ಮುಂಗಾಲು ಕುಂಟೋ ಕುದುರೆಗಳಲ್ಲಿ ಹೆಚ್ಚಿನವಕ್ಕೆ ನೋವು ಇರೋದು ಗೊರಸಲ್ಲೇ. ನಮಗೆ ಕಾಲೇಜಲ್ಲಿ ಹೇಳ್ಕೊಟ್ಟಿದ್ದು, ಬೇರೆ ಕಡೆ ಅಂತ ಸಾಬೀತಾಗೋ ತನಕ ಗೊರಸು ಅಂತಲೇ ಹಿಡ್ಕೊಳ್ಳಿ ಅಂತ. ಭುಜ ಅನ್ನೋದು ಎಲ್ಲರೂ ಮೊದ್ಲು ಹೇಳೋ ಹೆಸರು, ನಿಜವಾಗ್ಲೂ ಭುಜ ಆಗಿರೋದು ತುಂಬಾ ಅಪರೂಪ. ಕಾಲು ಮುಂದಕ್ಕೆ ಚಾಚೋದು ಗಿಡ್ಡ ಆದಾಗ ಭುಜ ಬಿಗಿದ ಹಾಗೆ ಕಾಣುತ್ತೆ, ಅದಕ್ಕೇ ಆ ಮಾತು ಬರೋದು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕು ಅಂತಿರೋದು ಒಂದೇ. ಏಳು ತಿಂಗಳಿಂದ ಎಲ್ಲರೂ ಏನು ಕಾಯಿಲೆ ಅಂತ ಕೇಳ್ತಾ ಇದೀರಿ. ಅದಕ್ಕಿಂತ ಮುಂಚೆ ಎಲ್ಲಿ ನೋವು ಅಂತ ಕೇಳಬೇಕು. ಜಾಗ ಗೊತ್ತಾಗದೆ ಫೋಟೋ ತೆಗೆಸೋದು, ಔಷಧಿ ಹಾಕೋದು, ಲಾಳ ಬದಲಾಯಿಸೋದು, ಎಲ್ಲಾ ಕತ್ತಲಲ್ಲಿ ಕಲ್ಲು ಬೀಸಿದ ಹಾಗೆ, ಒಂದು ತಾಗಿದ್ರೂ ಯಾವ ಕಲ್ಲು ತಾಗಿದ್ದು ಅಂತ ಗೊತ್ತಾಗಲ್ಲ.

ಎಲ್ಲಿ ಅಂತ ಹುಡುಕೋಕೆ ಶುರು ನೀವೇ ಮಾಡಬಹುದು. ಗೌರಿಯನ್ನ ಗಟ್ಟಿ ನೆಲದ ಮೇಲೆ, ವರ್ಕ್‌ಶಾಪ್ ಮುಂದಿನ ಕಾಂಕ್ರೀಟ್ ಇದ್ರೆ ಅದೇ ಸಾಕು, ಹಗ್ಗ ಸಡಿಲ ಬಿಟ್ಟು ನೇರ ಓಡಿಸಿ. ಮರಾಠಿಯವರು ದುಡಕಿ ಅಂತಾರಲ್ಲ, ಆ ನಿಧಾನ ಓಟದ ಟ್ರಾಟ್ ಚಾಲಲ್ಲಿ. ಹಗ್ಗ ಬಿಗಿ ಹಿಡಿದ್ರೆ ತಲೆ ಆಡೋದು ಕಾಣಲ್ಲ. ಮೊಬೈಲನ್ನ ಸ್ಟೂಲ್ ಮೇಲೆ ಇಟ್ಟು ಸ್ಲೋ ಮೋಷನ್ ಹಾಕಿ, ಮುಂದಿನಿಂದ ಒಂದು ಸಲ ಹಿಂದಿನಿಂದ ಒಂದು ಸಲ ಪಕ್ಕದಿಂದ ಒಂದು ಸಲ. ಆಮೇಲೆ ತಲೆ ಮೇಲೇ ಕಣ್ಣಿಡಿ. ನೋವಿರೋ ಮುಂಗಾಲು ನೆಲ ಮುಟ್ಟೋವಾಗ ತಲೆ ಮೇಲಕ್ಕೆ ಹೋಗುತ್ತೆ, ಭಾರ ಆ ಕಾಲ ಮೇಲೆ ಬೀಳದಿರ್ಲಿ ಅಂತ, ಚೆನ್ನಾಗಿರೋ ಕಾಲು ಊರಿದಾಗ ತಲೆ ಕೆಳಗೆ ಬೀಳುತ್ತೆ. ಕಣ್ಣಿಗೆ ಸಿಗದಿದ್ರೆ ಕಿವಿ ಕೊಡಿ. ಮುಂಬೈ ಹತ್ರದ ಗುಡ್ಡದೂರು ಮಾಥೇರಾನ್‌ನಲ್ಲಿ ಕ್ಯಾಂಪಿಗೆ ಹೋಗ್ತಿದ್ದಾಗ ಒಬ್ಬ ಹಿರಿಯ ಘೋಡೆವಾಲಾ ಕಾಕಾ ಇದ್ರು, ಆಗ ಅಲ್ಲಿ ಮೋಟಾರು ಗಾಡಿ ಬಿಡ್ತಿರಲಿಲ್ಲ, ಜನ ಸಾಮಾನು ಹೆಚ್ಚಾಗಿ ಕುದುರೆ ಮೇಲೇ ಕೆಂಪು ಕಲ್ಲಿನ ದಾರೀಲಿ ಹೋಗಬೇಕಿತ್ತು, ಆ ಕಾಕಾ ದಾರಿಗೆ ಬೆನ್ನು ಹಾಕಿ ಬೀಡಿ ಸೇದ್ತಾ ಕೂತಿರೋರು, ಹಿಂದಿನಿಂದ ಬರೋ ಕುದುರೆ ಟಪ್ ಟಪ್ ಸದ್ದು ಕೇಳೇ ಇದರ ಒಂದು ಕಾಲು ಮೆತ್ತಗೆ ಬೀಳ್ತಿದೆ ನೋಡಿ ಅನ್ನೋರು. ನೋಡಿದ್ರೆ ಹೌದು. ನೋವಿರೋ ಕಾಲನ್ನ ಕುದುರೆ ಮೆಲ್ಲಗೆ ಇಡುತ್ತೆ, ಸದ್ದು ಬರೋದು ಚೆನ್ನಾಗಿರೋ ಕಾಲಿಂದ. ಮುಂದೆ ಗಂಟೆಗಟ್ಲೆ ಉಪಕರಣ ಹಿಡ್ಕೊಂಡು ಕೂತಾಗೆಲ್ಲಾ ನನಗೆ ಆ ಕಾಕಾ ನೆನಪಾಗ್ತಾರೆ.

ಇಲ್ಲೊಂದು ಮೋಸ ಇದೆ, ಹುಷಾರಾಗಿರಿ. ಬಲ ಹಿಂಗಾಲಲ್ಲಿ ನೋವಿದ್ರೂ ಟ್ರಾಟಲ್ಲಿ ಬಲ ಮುಂಗಾಲೇ ಕುಂಟಿದ ಹಾಗೆ ತಲೆ ಆಡುತ್ತೆ. ಟ್ರಾಟಲ್ಲಿ ಬಲ ಹಿಂಗಾಲು ಎಡ ಮುಂಗಾಲು ಒಟ್ಟಿಗೆ ನೆಲಕ್ಕೆ ಬರುತ್ತೆ, ಹಿಂದಿನ ನೋವಿಂದ ತಪ್ಪಿಸ್ಕೊಳ್ಳೋಕೆ ಅದು ಭಾರ ಮುಂದಕ್ಕೆ ತಳ್ಳುತ್ತೆ, ಎಡ ಮುಂಗಾಲು ಊರಿದಾಗ ತಲೆ ಬೀಳುತ್ತೆ, ನೋಡಿದೋರು ಓ ಬಲ ಮುಂಗಾಲು ಅಂತಾರೆ. ಹಾಗಾಗಿ ಹಿಂದಿನಿಂದ ತೆಗೆದ ವೀಡಿಯೋದಲ್ಲಿ ಸೊಂಟದ ಎರಡು ಮೂಳೆ ಒಂದೇ ಸಮ ಮೇಲೆ ಕೆಳಗೆ ಹೋಗ್ತಿವೆಯಾ ನೋಡಿ. ಗಟ್ಟಿ ನೆಲದಲ್ಲಿ ಜಾಸ್ತಿ ಕುಂಟ್ತಾಳಾ, ಸಡಿಲ ಮಣ್ಣಲ್ಲಿ ಜಾಸ್ತಿ ಕುಂಟ್ತಾಳಾ ಅನ್ನೋದನ್ನೂ ಬರೆದಿಡಿ. ಗಟ್ಟಿ ನೆಲ ಆಗಿ ಬರದಿದ್ರೆ ಗೊರಸು ಮೂಳೆ ಕಡೆ ಅನುಮಾನ ಹೋಗುತ್ತೆ, ಆಳದ ಮರಳು ಆಗಿ ಬರದಿದ್ರೆ ಸ್ನಾಯುರಜ್ಜು ಲಿಗಮೆಂಟ್ ಕಡೆ. ಸಣ್ಣ ಸುತ್ತು ಹಾಕಿಸಿದಾಗ ಎಡಕ್ಕೆ ತಿರುಗೋವಾಗ ಜಾಸ್ತಿಯಾ ಬಲಕ್ಕೆ ತಿರುಗೋವಾಗ ಜಾಸ್ತಿಯಾ ಅನ್ನೋದೂ ಮುಖ್ಯ.

ಆಮೇಲೆ ಡಾಕ್ಟರ ಹತ್ರ ನರ್ವ್ ಬ್ಲಾಕ್ ಮಾಡಿಸಿ. ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ, ನನಗೆ ಬೇಜಾರಾಗಿದ್ದು ಅದಕ್ಕೇ, ಯಾಕಂದ್ರೆ ಕುಂಟೋ ಕುದುರೆಗೆ ಇದು ಎಲ್ಲಕ್ಕಿಂತ ಮೊದ್ಲು ಆಗಬೇಕಾದ ಕೆಲಸ. ಮೊದ್ಲು ಇಕ್ಕಳದ ಥರದ ಹೂಫ್ ಟೆಸ್ಟರಲ್ಲಿ ಗೊರಸನ್ನ ಅಂಗುಲ ಅಂಗುಲ ಒತ್ತಿ ನೋಡ್ತೀವಿ, ಎಲ್ಲಿ ಕಾಲು ಕಿತ್ಕೊಳ್ಳುತ್ತೆ ಅಂತ. ಆಮೇಲೆ ಹಲ್ಲಿನ ಡಾಕ್ಟರ್ ಮರಗಟ್ಟಿಸ್ತಾರಲ್ಲ ಆ ಥರದ ಔಷಧೀನ ಕಾಲಿನ ನರದ ಪಕ್ಕ ಸ್ವಲ್ಪ ಹಾಕ್ತೀವಿ, ಕೆಳಗಿನಿಂದ ಶುರು ಮಾಡಿ ಮೇಲಕ್ಕೆ. ಮೊದಲ ಸೂಜಿ ಹಿಮ್ಮಡಿ ಮೇಲ್ಗಡೆ. ಹತ್ತು ನಿಮಿಷ ಬಿಟ್ಟು ಓಡಿಸ್ತೀವಿ. ಕುಂಟೋದು ನಿಂತ್ರೆ ನೋವು ಆ ಸೂಜಿಗಿಂತ ಕೆಳಗಿದೆ ಅಂತ, ನಿಲ್ಲದಿದ್ರೆ ಒಂದು ಮೆಟ್ಟಿಲು ಮೇಲಕ್ಕೆ. ಒಂದು ಬೆಳಗಿನ ಕೆಲಸ.

ನಾನು ಹೊಸಬಳಾಗಿದ್ದಾಗಿನ ಒಂದು ಕುದುರೆ ಹೇಳ್ತೀನಿ, ಗಂಡು ಕುದುರೆ, ಅದೂ ರೇಸ್ ಬಿಟ್ಟಿದ್ದೇ. ಎಂಟು ತಿಂಗಳು ಒಂದು ದಿನ ಎಡಗಾಲು ಅಂತಿದ್ರು, ಇನ್ನೊಂದು ದಿನ ಏನೂ ಇಲ್ಲ ಅಂತಿದ್ರು. ಅದರ ಎಡಗಾಲಿಗೆ ಹಿಮ್ಮಡಿ ಬ್ಲಾಕ್ ಹಾಕಿ ಓಡಿಸಿದ್ವಿ. ಎಡಗಾಲು ಬಂಗಾರದ ಹಾಗೆ ಬಂತು. ಆದ್ರೆ ಹತ್ತು ಹೆಜ್ಜೆ ಹಾಕೋದ್ರೊಳಗೆ ಬಲಗಾಲು ಕುಂಟೋಕೆ ಶುರು. ಕುದುರೆ ನೋಡ್ಕೊಳ್ಳೋ ಸೈಸ್ ನನ್ನ ಮುಖ ನೋಡ್ದ, ನಾನು ಅವನ ಮುಖ ನೋಡ್ದೆ. ಎರಡೂ ಗೊರಸಿನ ಹಿಂಭಾಗದಲ್ಲಿ ನೋವಿತ್ತು, ಒಂದು ಸ್ವಲ್ಪ ಜಾಸ್ತಿ ಒಂದು ಸ್ವಲ್ಪ ಕಮ್ಮಿ, ಕಮ್ಮಿ ಇದ್ದಿದ್ದನ್ನ ಜಾಸ್ತಿ ಇದ್ದಿದ್ದು ಮುಚ್ಚಿಟ್ಟಿತ್ತು. ಎರಡೂ ಕಾಲು ನೋಯೋವಾಗ ಯಾವ ಕಾಲಿಗೆ ಅಂತ ಕುಂಟುತ್ತೆ ಪಾಪ, ಹೆಜ್ಜೆ ಗಿಡ್ಡ ಮಾಡ್ಕೊಂಡು ಹೋಗ್ತಿತ್ತು, ಅದನ್ನ ಎಲ್ಲರೂ ಸೋಮಾರಿ ಕುದುರೆ ಅಂತಿದ್ರು. ಕೇಳೋಕೇ ಕಷ್ಟ ಆಗುತ್ತೆ ಈಗ್ಲೂ. ಆ ಕುದುರೆಗೆ ಎಕ್ಸ್‌ರೇ ಕ್ಲೀನೇ ಇತ್ತು. ಗೊರಸು ಸರಿ ಕೆತ್ತಿಸಿ ಲಾಳ ಬದಲಾಯಿಸಿ ಐದಾರು ತಿಂಗಳಲ್ಲಿ ಮಕ್ಕಳನ್ನ ಕೂರಿಸ್ಕೊಂಡು ನಡೆಯೋ ಹಾಗಾಯ್ತು. ಗೌರಿಗೂ ಅದೇ ಇದೆ ಅಂತ ನಾನು ದೂರದಲ್ಲಿ ಕೂತು ಹೇಳೋಕಾಗಲ್ಲ, ಆದ್ರೆ ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಕುಕ್ತಾ ಇದೆ, ಲಾಳ ಎರಡೂವರೆ ತಿಂಗಳಿಗೊಮ್ಮೆ ಅಂತ.

ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತೆ. ಲಾಳ ಹೊಡೆದ ಗೊರಸು ಸವೆಯಲ್ಲ, ಬೆಳೆದಿದ್ದೆಲ್ಲಾ ಮುಂದಕ್ಕೆ ಚಾಚ್ಕೊಳ್ಳುತ್ತೆ. ಎರಡೂವರೆ ತಿಂಗಳಿಗೆ ಎರಡು ಸೆಂಟಿಮೀಟರ್ ಅಂತ ಇಟ್ಕೊಳ್ಳಿ. ನಿಮ್ಮ ಬೂಟಿನ ತುದೀಲಿ ಅಷ್ಟೇ ಉದ್ದದ ಹಲಗೆ ಕಟ್ಕೊಂಡು ನಡೆದು ನೋಡಿ, ಪ್ರತೀ ಹೆಜ್ಜೆ ಎತ್ತೋವಾಗ ಹಿಮ್ಮಡಿಯ ನರ ಎಳೆಯುತ್ತೆ. ರೇಸಿನ ಥರೋಬ್ರೆಡ್‌ಗಳಿಗೆ ಮೊದಲೇ ಮುಂದೆ ಉದ್ದ ಹಿಂದೆ ತಗ್ಗು ಇರೋ ಗೊರಸು, ತಳ ತೆಳು. ಆರು ವಾರಕ್ಕೊಮ್ಮೆ ಕೆತ್ತಿಸಲೇಬೇಕು, ಇದರಲ್ಲಿ ರಾಜಿ ಇಲ್ಲ. ಕಳಚಿದ ಹಳೇ ಲಾಳ ಎಸೀಬೇಡಿ, ತಿರುಗಿಸಿ ನೋಡಿ, ಯಾವ ಅಂಚು ಜಾಸ್ತಿ ಸವೆದಿದೆ ಅನ್ನೋದ್ರಲ್ಲೇ ಅವಳು ಕಾಲು ಹೆಂಗೆ ಇಡ್ತಾಳೆ ಅನ್ನೋದು ಬರೆದಿರುತ್ತೆ. ಮತ್ತೆ ಗೊರಸು ಸರಿ ಮಾಡಿಸಿದ ಮಾರನೇ ದಿನ ಕುಂಟೋದು ನಿಲ್ಲಲ್ಲ. ಮೇಲಿನ ಕೂದಲಂಚಿಂದ ಹೊಸ ಗೊರಸು ಇಳಿದು ತುದಿ ಮುಟ್ಟೋಕೆ 9ರಿಂದ 12 ತಿಂಗಳು ಬೇಕು. ನಿಮ್ಮ ನಾಲ್‌ಬಂದ್ ಅನುಭವಸ್ಥ ಇರಬಹುದು, ಅವನ ಜೊತೆ ಜಗಳ ಬೇಡ, ಡಾಕ್ಟರ್ ಬರೋ ದಿನಾನೇ ಅವನನ್ನೂ ಕರೆಸಿ ಇಬ್ಬರನ್ನೂ ಒಂದೇ ಗೊರಸಿನ ಮುಂದೆ ಕೂರಿಸಿ. ಇಬ್ಬರೂ ಬೇರೆ ಬೇರೆ ದಿನ ಬಂದು ಬೇರೆ ಬೇರೆ ಮಾತು ಹೇಳಿ ಹೋಗೋದ್ರಿಂದಲೇ ಅರ್ಧ ಕುದುರೆಗಳು ಹಾಳಾಗಿರೋದು.

ಬರೆ ಮಾತ್ರ ಖಂಡಿತಾ ಬೇಡ. ದಯವಿಟ್ಟು ಬೇಡ. ಕಾದ ಕಬ್ಬಿಣದಿಂದ ಚರ್ಮ ಸುಟ್ರೆ ಒಳಗಿನ ಗಾಯ ಬೇಗ ಮಾಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಬರೆ ಹಾಕಿದ ಮೇಲೆ ಕುದುರೇನ ತಿಂಗಳುಗಟ್ಲೆ ನಿಲ್ಲಿಸ್ತಾರಲ್ಲ, ಗುಣ ಆಗಿದ್ರೆ ಆ ವಿಶ್ರಾಂತಿಯಿಂದ ಆಗಿರೋದು. ವಿಶ್ರಾಂತೀನ ಸುಡದೇನೂ ಕೊಡಬಹುದಲ್ವಾ.

ಇಂಜೆಕ್ಷನ್ ಯಾವುದು ಅಂತ ನೀವು ಬರೆದಿಲ್ಲ, ಚೀಟಿ ತೆಗೆದು ನೋಡಿ. ನೋವಿನ ಔಷಧಿ ಹಾಕಿದಾಗ ಒಂದು ವಾರ ಚೆನ್ನಾಗಿದ್ಲು ಅನ್ನೋದರಿಂದ ಒಂದು ವಿಷಯ ಮಾತ್ರ ಗೊತ್ತಾಗುತ್ತೆ, ಅವಳು ಅಭ್ಯಾಸಕ್ಕೆ ಕುಂಟ್ತಾ ಇಲ್ಲ, ನೋವಿದೆ. ಆ ವಾರ ಅವಳನ್ನ ಓಡಿಸಿದ್ರೆ ಮಾತ್ರ ಕೆಟ್ಟಿತು, ನೋವು ಗೊತ್ತಾಗದೆ ಗಾಯದ ಮೇಲೆ ಗಾಯ ಮಾಡ್ಕೋತಾಳೆ. ಕುದುರೆಗೆ ಸಾಮಾನ್ಯವಾಗಿ ಕೊಡೋ ಫಿನೈಲ್‌ಬ್ಯುಟಾಜೋನ್, ಬ್ಯೂಟ್ ಅಂತಾರೆ, ಅದು ದಿನಗಟ್ಲೆ ಹೆಚ್ಚಾದ್ರೆ ಹೊಟ್ಟೇಲಿ ಕರುಳಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಎರಡು ನೋವಿನ ಔಷಧಿ ಒಟ್ಟಿಗೆ ಕೊಡಲೇಬಾರದು. ಮೆಡಿಕಲ್ ಶಾಪಲ್ಲಿ ಮನುಷ್ಯರ ಡೈಕ್ಲೋಫೆನಾಕ್ ತಂದು ಚುಚ್ಚೋರೂ ಇದಾರೆ. ಅದನ್ನ ಪ್ರಾಣಿಗಳಿಗೆ ಕೊಡೋದು ನಮ್ಮ ದೇಶದಲ್ಲಿ 2006ರಿಂದಲೇ ನಿಷೇಧ, ಸತ್ತ ದನ ಕುದುರೆ ತಿಂದ ರಣಹದ್ದುಗಳ ಕಿಡ್ನಿ ಹೋಗಿ ಅವು ಲಕ್ಷಗಟ್ಲೆ ಸತ್ತವು, ನಮ್ಮ ಸಣ್ಣ ವಯಸ್ಸಲ್ಲಿ ಆಕಾಶದಲ್ಲಿ ಸುತ್ತು ಹಾಕ್ತಿದ್ದ ಹದ್ದುಗಳು ಈಗ ಎಲ್ಲಿ ಕಾಣ್ತವೆ ಹೇಳಿ. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ರಣಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕಾಂ ಇದೆ, ಡಾಕ್ಟರನ್ನ ಕೇಳಿ. ಹಾಂ, ಇನ್ನೊಂದು, ನರ್ವ್ ಬ್ಲಾಕ್ ಮಾಡಿಸೋ ಮುಂಚೆ ನೋವಿನ ಔಷಧಿ ಯಾವಾಗ ನಿಲ್ಲಿಸಬೇಕು ಅಂತ ಅವರನ್ನೇ ಕೇಳಿ ನಿಲ್ಲಿಸಿ, ಕುಂಟದೇ ಇರೋ ಕುದುರೆಗೆ ಬ್ಲಾಕ್ ಹಾಕಿ ಏನೂ ಗೊತ್ತಾಗಲ್ಲ.

ಎಲ್ಲಿಗೆ ಹೋಗೋದು ಅಂದ್ರೆ, ನಿಮಗೆ ಒಂದು ಅನುಕೂಲ ಇದೆ. ಪುಣೆ ರೇಸ್ ಸೀಸನ್ ಜುಲೈಯಿಂದ ಅಕ್ಟೋಬರ್, ಮುಂಬೈ ಮಹಾಲಕ್ಷ್ಮಿ ರೇಸ್‌ಕೋರ್ಸಿನ ಕುದುರೆಗಳು ಮಳೆಗಾಲಕ್ಕೆ ಪುಣೆಗೆ ಬರ್ತವೆ, ಜೊತೆಗೆ ಬರೀ ಕುದುರೆ ನೋಡೋ ಡಾಕ್ಟರುಗಳು, ಪಳಗಿದ ನಾಲ್‌ಬಂದ್‌ಗಳು ಬರ್ತಾರೆ. ಇನ್ನೇನು ಶುರುವಾಗುತ್ತೆ, ನಿಮ್ಮ ಗೌರಿ ಓಡ್ತಿದ್ದ ಕಾಲದ ಸೈಸ್ ಯಾರಾದ್ರೂ ಪರಿಚಯ ಇದ್ರೆ ಅವರ ಮೂಲಕ ಕೇಳಿ. ಪುಣೆ ಸಾತಾರಾ ರಸ್ತೇಲಿ ಶಿರವಳದ ಪಶುವೈದ್ಯ ಕಾಲೇಜಿದೆ, ಮುಂಬೈಯ ಪರೇಲ್‌ನಲ್ಲಿ 1886ರಿಂದ ನಡೀತಿರೋ ಬಾಂಬೆ ವೆಟರ್ನರಿ ಕಾಲೇಜಿದೆ. ಮೊದ್ಲು ಫೋನ್ ಮಾಡಿ ಕುದುರೆ ಕಾಲು ನೋಡೋರು ಯಾವ ದಿನ ಇರ್ತಾರೆ ಕೇಳ್ಕೊಂಡೇ ಹೊರಡಿ, ಕುಂಟೋ ಕುದುರೇನ ಟೆಂಪೋಲಿ ಸುಮ್ಮನೆ ಅಲೆಸಬೇಡಿ.

ಇಷ್ಟೆಲ್ಲಾ ಆಗೋ ತನಕ ನೀವು ದಿನಾ ಮಾಡೋದು. ಒಂದು ನೋಟ್‌ಬುಕ್ ಇಡಿ, ಮಗಳ ಕೈಗೇ ಕೊಡಿ. ತಾರೀಖು, ಅವತ್ತು ಹೆಂಗೆ ನಡೆದ್ಲು, ನೆಲ ಒದ್ದೆಯಾ ಒಣವಾ, ಔಷಧಿ, ಲಾಳ. ಪ್ರತೀ ಭಾನುವಾರ ಅದೇ ಜಾಗ ಅದೇ ಹೊತ್ತು ಅದೇ ವೀಡಿಯೋ. ಬೆಳಗ್ಗೆ ಮೇವಿಗೆ ಮುಂಚೆ ಎರಡೂ ಗೊರಸಿಗೆ ಅಂಗೈ ಇಟ್ಟು ಬಿಸಿ ನೋಡಿ, ಆಮೇಲೆ ಫೆಟ್ಲಾಕ್ ಹಿಂದೆ ಪಕ್ಕದಲ್ಲಿ ಎರಡು ಬೆರಳು ಮೆಲ್ಲಗೆ ಇಡಿ, ಅಲ್ಲೊಂದು ನಾಡಿ ಇದೆ. ಚೆನ್ನಾಗಿರೋ ಕಾಲಲ್ಲಿ ಅದನ್ನ ಹುಡುಕೋಕೇ ಒಂದು ನಿಮಿಷ ಬೇಕು. ಬೆರಳಿಟ್ಟ ತಕ್ಷಣ ಬಡಬಡ ಬಡೀತಿದೆ ಅಂದ್ರೆ ಗೊರಸಲ್ಲಿ ಉರಿ ಇದೆ, ಅವತ್ತೇ ಡಾಕ್ಟರಿಗೆ ಫೋನು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಲಾಳ ಬದಲಾಯಿಸಿದ ವಾರವೇ ಹೊಸ ಪುಡಿ, ಹೊಸ ಎಣ್ಣೆ, ಹೊಸ ಮೇವು ಶುರು ಮಾಡಿದ್ರೆ ಯಾವುದರಿಂದ ಗುಣ ಆಯ್ತು ಅಂತ ದೇವ್ರಿಗೇ ಗೊತ್ತು. ನಿಂತಿರೋ ಕುದುರೆಗೆ ಹುರುಳಿ ಕಡಲೆ ಬೆಲ್ಲ ಕಮ್ಮಿ ಮಾಡಿ, ಹುಲ್ಲು ಜಾಸ್ತಿ ಮಾಡಿ, ಕನಿಕರದಿಂದ ಬೆಲ್ಲ ತಿನ್ನಿಸಿ ತಿನ್ನಿಸಿ ಲ್ಯಾಮಿನೈಟಿಸ್ ಬರಿಸಿದೋರನ್ನ ನೋಡಿದೀನಿ, ಗೊರಸಿನ ಒಳಗೇ ಉರಿ ಬಂದು ಒಳಗಿನ ಮೂಳೆಯೇ ಕೆಳಗಿಳಿಯೋ ಕಾಯಿಲೆ ಅದು. ನಿಂತ ಜಾಗದಲ್ಲೇ ಕಟ್ಟಬೇಡಿ, ಸಮತಟ್ಟು ಜಾಗದಲ್ಲಿ ನಡೆಯೋಕೆ ಬಿಡಿ, ಬೆನ್ನ ಮೇಲೆ ಹತ್ತೋದು ಮಾತ್ರ ಬೇಡ. ಇವತ್ತು ಚೆನ್ನಾಗಿದಾಳೆ ಒಂದು ರೌಂಡ್ ಹೋಗಿ ನೋಡೋಣ ಅನ್ನೋ ಆಸೆ ಬರುತ್ತೆ, ಐದನೇ ದಿನ ಕುಂಟೋದು ನಾಲ್ಕನೇ ದಿನದ ಆ ರೌಂಡಿಂದಲೇ ಇರಬಹುದು, ನೋಟ್‌ಬುಕ್ಕಲ್ಲಿ ನೋಡಿ ಗೊತ್ತಾಗುತ್ತೆ.

ಎಲ್ಲಾ ಮಾಡಿದ ಮೇಲೂ ಹೆಸರು ಸಿಗದೇ ಇರಬಹುದು. ಅದನ್ನ ನಿಮಗೆ ಮುಚ್ಚಿಟ್ಟು ಹೇಳೋದು ತಪ್ಪಾಗುತ್ತೆ. ನೋವು ಗೊರಸಿನ ಹಿಂಭಾಗದಲ್ಲಿದೆ ಅನ್ನೋ ತನಕ ಬರ್ತೀವಿ, ಅದರೊಳಗೆ ಯಾವ ಎಳೆ ಅಂತ ತಿಳ್ಕೊಳ್ಳೋಕೆ ಎಂಆರ್‌ಐ ಬೇಕು, ಅದು ಎಲ್ಲರ ಕೈಗೆ ಎಟುಕೋದಲ್ಲ. ಆದ್ರೆ ಜಾಗ ಗೊತ್ತಾದ್ರೆ ಹೆಸರಿಲ್ಲದೇನೂ ಎಷ್ಟೋ ನೆಮ್ಮದಿ ಕೊಡಬಹುದು. ಆಗ ಕೇಳ್ಕೋಬೇಕಾದ್ದು ಅವಳ ಸಾಮಾನ್ಯ ದಿನ ಹೆಂಗಿದೆ ಅಂತ. ಮಲಗಿ ಏಳ್ತಾಳಾ, ಮೇವಿಗೆ ಕೂಗ್ತಾಳಾ, ಬಿಟ್ಟಾಗ ತಾನಾಗೇ ಒಂದು ಸುತ್ತು ಹಾಕ್ತಾಳಾ. ಹಾಗಿದ್ರೆ ಅವಳು ಹತ್ತೋ ಕುದುರೆ ಅಲ್ಲದಿದ್ರೂ ಬದುಕೋ ಕುದುರೆ. ನಡೆಯೋವಾಗ್ಲೂ ಎದ್ದು ಕಾಣೋ ಹಾಗೆ ಕುಂಟ್ತಾ, ಮೈ ಇಳೀತಾ, ಮಲಗಿದ್ರೆ ಏಳೋಕೆ ಹೆದರ್ತಾ ಇದ್ರೆ ಆಗ ಡಾಕ್ಟರ್ ಜೊತೆ ಬೇರೆ ಮಾತು ಆಡಬೇಕಾಗುತ್ತೆ, ಆ ಮಾತನ್ನ ಕೂಡ ಪ್ರೀತಿಯಿಂದಲೇ ಆಡಬಹುದು.

ಮೆರವಣಿಗೆಯವರಿಗೆ ಕೊಡಬೇಡಿ ಅಣ್ಣಾ. ಮನೆಯವರು ಹೇಳೋದ್ರಲ್ಲಿ ಖರ್ಚಿನ ಕಷ್ಟ ಇದೆ, ನನಗೆ ಅರ್ಥ ಆಗುತ್ತೆ. ಆದ್ರೆ ರಾತ್ರಿ ಹನ್ನೊಂದು ಗಂಟೆಗೆ ಡಾಂಬರು ರಸ್ತೆ, ಬೆನ್ನ ಮೇಲೆ ಮದುಮಗ, ಕಿವಿ ಪಕ್ಕ ಡಿಜೆ, ಕಾಲ ಕೆಳಗೆ ಪಟಾಕಿ, ಅಲ್ಲಿ ಆ ಬಲಗಾಲು ನೋಡೋಕೆ ನೀವಿರಲ್ಲ. ಕೆಲಸಕ್ಕಾಗದ ಪ್ರಾಣೀನ ದುಡಿಸೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಕೂಡ. ಸಾಕೋಕೆ ಆಗಲ್ಲ ಅಂತ ತೀರ್ಮಾನ ಆದ್ರೆ ಕುಂಟೋದನ್ನ ಬಾಯ್ಬಿಟ್ಟು ಹೇಳಿ, ವೀಡಿಯೋ ತೋರಿಸಿ, ಸುಮ್ಮನೆ ಸಾಕೋರಿಗೆ ಕೊಡಿ. ಮಗಳಿಗೆ ಹೇಳಿ, ಹತ್ತೋಕೆ ಆಗದಿದ್ರೂ ಗೌರಿಯ ನಾಡಿ ಹಿಡಿಯೋಳು ಅವಳೇ ಅಂತ. ವೀಡಿಯೋ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನಾನು ಖಂಡಿತ ನೋಡ್ತೀನಿ.

ಪ್ರಶ್ನೆ: ಮೇಡಂ, ನಾವು ಮೂಲತಃ ಉಡುಪಿಯವರು, ಮುಂಬೈ ಅಂಧೇರಿಯಲ್ಲಿದ್ದೇವೆ. ಮಗ ವಾರಕ್ಕೆ ಎರಡು ದಿನ ರೈಡಿಂಗ್ ಕ್ಲಾಸಿಗೆ ಹೋಗ್ತಾನೆ. ಅವನಿಗೆ ಕೊಡುವ ಕುದುರೆ ಶುರುವಿನಲ್ಲಿ ಸ್ವಲ್ಪ ಕುಂಟ್ತದೆ, ಹದಿನೈದು ನಿಮಿಷ ಆದ ಮೇಲೆ ಸರಿ ಆಗ್ತದೆ. ಕೇಳಿದ್ರೆ ವಾರ್ಮಪ್ ಆಗ್ಬೇಕು ಅಷ್ಟೇ ಅಂತಾರೆ. ಹೌದಾ?
(ಅಂಧೇರಿ, ಮುಂಬೈ)

ಉತ್ತರ: ಓಡಾಡಿದ ಮೇಲೆ ಕಮ್ಮಿ ಆಗೋ ಕುಂಟು ಹೆಚ್ಚಾಗಿ ಕೀಲು ಸವೆತದ್ದು. ನಮ್ಮ ಮನೆ ಅಜ್ಜಿಯಂದಿರು ಬೆಳಗ್ಗೆ ಎದ್ದಾಗ ಮಂಡಿ ಹಿಡಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಸರಿ ಹೋಗ್ತಾರಲ್ಲ, ಹಾಗೆ. ಕಮ್ಮಿ ಆಯ್ತು ಅಂದ್ರೆ ನೋವು ಹೋಯ್ತು ಅಂತಲ್ಲ. ನಾವು ಕುಂಟನ್ನ ಸೊನ್ನೆಯಿಂದ ಐದರ ತನಕ ಅಳೀತೀವಿ, ಐದು ಅಂದ್ರೆ ಕಾಲೇ ಊರಲ್ಲ, ಒಂದು ಅಂದ್ರೆ ಒಮ್ಮೆ ಕಂಡು ಒಮ್ಮೆ ಕಾಣದ್ದು. ನಿಮ್ಮದು ಒಂದೋ ಎರಡೋ ಇರಬಹುದು. ಹಾಗಿರೋ ಎಷ್ಟೋ ಕುದುರೆಗಳು ಡಾಕ್ಟರ್ ನೋಡಿ, ಕೆಲಸ ಹಗುರ ಮಾಡಿ, ನಿಧಾನ ನಡಿಗೇಲಿ ಮೈ ಬಿಸಿ ಮಾಡಿಸಿ ವರ್ಷಗಟ್ಲೆ ಚೆನ್ನಾಗಿ ಇರ್ತವೆ. ಡಾಕ್ಟರ್ ನೋಡಿದಾರಾ ಅನ್ನೋದೇ ಪ್ರಶ್ನೆ. ಕೋಚ್ ಹತ್ರ ದೂರು ಕೊಡೋ ಥರ ಬೇಡ, ಈ ಕುದುರೆ ಕಾಲು ಕೊನೇ ಸಲ ಯಾವಾಗ ತೋರಿಸಿದ್ರಿ ಅಂತ ಮೆಲ್ಲಗೆ ಕೇಳಿ, ಉತ್ತರ ಸಿಗೋ ತನಕ ಮಗನಿಗೆ ಬೇರೆ ಕುದುರೆ ಕೇಳಿ. ಮಗನಿಗೇ ಅದು ಕಣ್ಣಿಗೆ ಬಿದ್ದಿದ್ರೆ ಅವನ ಬೆನ್ನು ತಟ್ಟಿ, ಒಳ್ಳೇ ಸವಾರ ಆಗ್ತಾನೆ.

ಪ್ರಶ್ನೆ: ನಮ್ಮದು ಕಾರವಾರ, ಈಗ ಮಡಗಾಂವ್ ಹತ್ತಿರ ಇದ್ದೇವ್ರಿ. ಒಂದು ಸಣ್ಣ ಪೋನಿ ಇದೆ. ಮಳೆಗಾಲ ಬಂದ್ರೆ ಸಾಕು, ನಿನ್ನೆ ಚೆನ್ನಾಗಿದ್ದದ್ದು ಇವತ್ತು ಬೆಳಗ್ಗೆ ಕಾಲೇ ಊರೂದಿಲ್ಲ. ಹೋದ ವರ್ಷ ಎರಡು ಸಲ ಆಯ್ತು, ಎಲುಬು ಮುರೀತು ಅಂತ ಹೆದರಿದ್ವಿ, ಆಮೇಲೆ ತನ್ನಷ್ಟಕ್ಕೆ ಕೀವು ಒಡೆದು ಸರಿ ಹೋಯ್ತು. ಮತ್ತೆ ಮಳೆ ಶುರು ಆಗಿದೆ.
(ಮಡಗಾಂವ್, ಗೋವಾ)

ಉತ್ತರ: ಗೊರಸೊಳಗಿನ ಕೀವು ಗಡ್ಡೆ ಅದು. ಗೋವಾ ಮಳೇಲಿ ಗೊರಸು ನೆನೆದ ಸೌದೆ ಥರ ಮೆತ್ತಗಾಗುತ್ತೆ, ಸಣ್ಣ ಕಲ್ಲಿನ ಚೂರು ತಳದ ಬಿಳಿ ಗೆರೆಯಲ್ಲಿ ಸೇರ್ಕೊಂಡು ಒಳಗೆ ಕೀವಾಗುತ್ತೆ. ಗೊರಸು ಹಿಗ್ಗೋ ವಸ್ತು ಅಲ್ಲ, ಉಗುರ ಒಳಗೆ ಕೀವಾದ್ರೆ ನಮಗೆ ಎಷ್ಟು ನೋಯುತ್ತೆ ಯೋಚನೆ ಮಾಡಿ, ಅದರ ಮೇಲೆ ಮೈಭಾರ ಎಲ್ಲಾ ಹಾಕಬೇಕು. ದಾರಿ ಸಿಗದಿದ್ರೆ ಕೀವು ಮೇಲಕ್ಕೆ ಹತ್ತಿ ಕೂದಲಂಚಲ್ಲಿ ಒಡೆಯುತ್ತೆ. ತನ್ನಷ್ಟಕ್ಕೆ ಒಡೀಲಿ ಅಂತ ಈ ಸಲ ಕಾಯಬೇಡಿ, ಕಾಲು ಊರದೇ ಇದ್ರೆ ಅವತ್ತೇ ಡಾಕ್ಟರನ್ನ ಕರೆಸಿ, ತಳದಿಂದ ಸಣ್ಣ ದಾರಿ ಮಾಡಿ ಬಿಟ್ರೆ ಅರ್ಧ ಗಂಟೇಲಿ ಮುಖವೇ ಬದಲಾಗುತ್ತೆ. ಆಮೇಲೆ ಉಗುರುಬೆಚ್ಚನೆ ನೀರಿಗೆ ಎಪ್ಸಮ್ ಉಪ್ಪು ಹಾಕಿ ಕಾಲು ಇಳಿಸಿ, ಒಣ ಬಟ್ಟೆ ಕಟ್ಟಿ, ಮೇಲೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ. ಜ್ವರ ಇದ್ರೆ, ಅಂದ್ರೆ 38.5 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ, ಅಥವಾ ಮೇಲಿನ ಕೀಲು ಊದಿದ್ರೆ ಅದು ಬೇರೆ ಕಥೆ, ತಡ ಮಾಡಬೇಡಿ. ಲಾಯದಲ್ಲಿ ದಿನಕ್ಕೆ ಕೆಲವು ಗಂಟೆ ಆದ್ರೂ ಒಣ ನೆಲದ ಮೇಲೆ ನಿಲ್ಲೋ ಹಾಗೆ ಒಂದು ಕಲ್ಲು ಹಾಸಿನ ಮೂಲೆ ಮಾಡಿ, ದಿನಾ ಸಂಜೆ ತಳ ಕೆರೆದು ನೋಡಿ, ನಡುವಿನ ತ್ರಿಕೋಣದ ಮೆತ್ತನೆ ಭಾಗ ಕಪ್ಪಾಗಿ ವಾಸನೆ ಬರ್ತಿದ್ರೆ ಅದನ್ನೂ ಡಾಕ್ಟರಿಗೆ ತೋರಿಸಿ. ಮತ್ತೆ ಎರಡು ಸಲ ಕೀವಾಗಿದೆ ಅಂತೀರಿ, ಧನುರ್ವಾಯು ಇಂಜೆಕ್ಷನ್ ಕೊನೇ ಸಲ ಯಾವಾಗ ಹಾಕ್ಸಿದ್ರಿ ಅಂತ ಬರೆದಿಲ್ಲ. ಕುದುರೆಗೆ ಧನುರ್ವಾಯು ಬಂದ್ರೆ ಉಳಿಯೋದು ಬಹಳ ಕಷ್ಟ. ನೆನಪಿಲ್ಲ ಅಂದ್ರೆ ಇವತ್ತೇ ಹಾಕ್ಸಿ.